ಶುಕ್ರವಾರದ ಫೋಟೋಗಳಲ್ಲಿ ಇಲ್ಲದವರು

ಅವರ ಹೆಸರನ್ನು ಬರೆಯಬೇಡಿ ಎಂದು ಅವರ ಮಗಳು ಕೇಳಿಕೊಂಡಿದ್ದಾಳೆ. ಹೆಸರು ಈಗಾಗಲೇ ಒಂದು ಸರಕಾರಿ ಕಾಗದದಲ್ಲಿದೆ, ಪಕ್ಕದಲ್ಲಿ ಸಾವಿನ ಕಾರಣವೂ ಇದೆ, ಅಪ್ಪನಿಗೆ ಬೇಕಾಗಿದ್ದದ್ದು ಅಷ್ಟೇ ಎಂದಳು. ಆದ್ದರಿಂದ ಸೈಟಿನಲ್ಲಿ ಕರೆಯುತ್ತಿದ್ದ ಹಾಗೆ ಇಲ್ಲಿಯೂ ಅವರನ್ನು ಮೇಸ್ತ್ರಿಗಳು ಎಂದೇ ಬರೆಯುತ್ತೇನೆ.

ವೆಂಬ್ಲಿಯ ಕ್ರೀಡಾಂಗಣದ ಹತ್ತಿರ ಏಳುತ್ತಿದ್ದ ಹೊಸ ಫ್ಲ್ಯಾಟುಗಳ ಕಟ್ಟಡವೊಂದರಲ್ಲಿ ಅವರು ನೆಲಕ್ಕೆ ಟೈಲ್ಸ್ ಹಾಕುತ್ತಿದ್ದರು. ಅದೇ ಕಟ್ಟಡಕ್ಕೆ ಕಾಗದ ಕೂಡಿಸುವುದು ನನ್ನ ಕೆಲಸ. ಹೊಸ ಮನೆಗೆ ಕಾಲಿಟ್ಟಾಗ ಮೂಗಿಗೆ ಬಡಿಯುತ್ತದಲ್ಲ ಬಣ್ಣ, ಅಂಟು, ವಾರ್ನಿಶಿನ ವಾಸನೆ, ಅದರಲ್ಲಿ ಒಳ್ಳೆಯದಲ್ಲದ ಅನಿಲಗಳಿರುತ್ತವೆ. ಅವು ಕಡಿಮೆ ಎಂದು ತೋರಿಸಿಕೊಟ್ಟ ಕಟ್ಟಡಕ್ಕೆ ಹಸಿರು ಪ್ರಮಾಣಪತ್ರ ಸಿಗುತ್ತದೆ. ಭಟ್ಟಿಯಲ್ಲಿ ಸುಟ್ಟು ಮಾಡಿದ ಟೈಲ್ಸ್ ಏನನ್ನೂ ಉಗುಳುವುದಿಲ್ಲ, ಅದರ ಕೆಳಗಿನ ಅಂಟಿನದೇ ಚಿಂತೆ. ಪ್ರತಿ ಫ್ಲ್ಯಾಟಿಗೂ ಯಾವ ಅಂಟು, ಯಾವ ಬ್ಯಾಚು, ಪ್ರಯೋಗಾಲಯ ಏನು ಹೇಳಿದೆ, ಹಾಕಿದ ನೆಲ ಹೇಗಿದೆ ಎನ್ನುವುದನ್ನೆಲ್ಲ ಫೋಟೋ ಸಮೇತ ಕಡತ ಮಾಡಬೇಕು. ಮೈಸೂರಿನಲ್ಲಿ ಎಂಜಿನಿಯರಿಂಗ್, ಇಲ್ಲಿ ಒಂದು ವರ್ಷದ ಮಾಸ್ಟರ್ಸ್ ಮುಗಿಸಿ ನಾನು ಸೇರಿದ್ದ ಮೊದಲ ಕೆಲಸವದು.

ಮೇಸ್ತ್ರಿಗಳು ನನ್ನನ್ನು ಮೊದಲ ಸಲ ಮಾತಾಡಿಸಿದ್ದು ಬೈಯುವುದಕ್ಕೆ. ಮೂರನೆಯ ಮಹಡಿಯ ಒಂದು ಅಡುಗೆಮನೆಯಲ್ಲಿ, ಆಗಷ್ಟೇ ಕೂರಿಸಿದ್ದ ಟೈಲ್ಸ್ ಮೇಲೆ ನಾನು ಕಾಲಿಟ್ಟಿದ್ದೆ. "ಆಫ್! ಆಫ್!" ಎಂದು ಕೂಗಿ, ನಂತರ ತಮ್ಮಷ್ಟಕ್ಕೆ, "ಕಣ್ ಎಲ್ಲಿ ಇಟ್ಕಂಡ್ ನಡಿತ್ವೋ ಈ ಆಫೀಸಿನವು" ಎಂದರು.

"ಕ್ಷಮಿಸಿ, ನೋಡಲಿಲ್ಲ" ಎಂದೆ.

ಬೇರೆ ಯಾರಾದರೂ ಆಗಿದ್ದರೆ ನಾಚಿಕೊಳ್ಳುತ್ತಿದ್ದರು. ಅವರು ಕತ್ತೆತ್ತಿ ನನ್ನನ್ನೊಮ್ಮೆ ನೋಡಿ, "ಕನ್ನಡ ಬತ್ತಾ? ಹಂಗಾರೆ ಕನ್ನಡದಗೇ ಬೈತೆ. ಕಾಲ್ ತೆಗಿನಿ ಅಲ್ಲಿಂದ" ಎಂದರು.

ತೆಗೆದೆ. ಅವರು ಆ ಟೈಲ್ಸನ್ನು ಕರಣೆಯ ಹಿಡಿಯಿಂದ ತಟ್ಟಿ, ಕಿವಿ ಓರೆ ಮಾಡಿ ಕೇಳಿ, ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ, "ಯಾವೂರ್?" ಎಂದರು.

"ಮೈಸೂರು."

"ಅದೇ ಮತ್ತೆ. ತುಳಿದದ್ದೂ ಮೆಲ್ಲಗೇ."

ಅವರು ಕುಂದಾಪುರದ ಕಡೆಯವರು. ತಾಯಿ ಹೆಂಚಿನ ಕಾರ್ಖಾನೆಯಲ್ಲಿ ಹಸಿ ಹೆಂಚು ಹೊರುತ್ತಿದ್ದರಂತೆ. ತಾವು ಮುಂಬಯಿಯಲ್ಲಿ ಈ ಕೆಲಸ ಕಲಿತು, ಕೊಲ್ಲಿ ದೇಶಗಳಲ್ಲಿ ಕೆಲವು ವರ್ಷ ಮಾಡಿ, ಇಲ್ಲಿಗೆ ಬಂದದ್ದು ಮಾತ್ರ ಸಂಬಂಧಿಕರ ಹೋಟೆಲಿನ ಅಡುಗೆಮನೆಗೆ. ಕ್ರಿಸ್‌ಮಸ್ ರಜೆಯಲ್ಲೊಮ್ಮೆ ಆ ಅಡುಗೆಮನೆಯ ನೆಲ ಕಿತ್ತು ಹೊಸದಾಗಿ ಹಾಕಿಕೊಟ್ಟರು. ಮತ್ತೆ ಒಲೆಯ ಮುಂದೆ ನಿಲ್ಲಲಿಲ್ಲ. ಯಾಕೆ ಬಿಟ್ಟಿರಿ ಎಂದು ಕೇಳಿದ್ದಕ್ಕೆ, "ಇಡ್ಲಿನ ಹತ್ ವರ್ಷ ಬಿಟ್ಟ್ ಯಾರಾರೂ ಕಾಂತ್ರಾ?" ಎಂದು ನನ್ನನ್ನೇ ಕೇಳಿದ್ದರು. ಅವರ ಕಡೆ ಕಾಂಬುದೆಂದರೆ ನೋಡುವುದು.

ಮೊದಮೊದಲು ನಾನು ಅಂಕಲ್ ಎನ್ನುತ್ತಿದ್ದೆ. ಒಂದು ದಿನ ಮುಖ ಗಂಟಿಕ್ಕಿ, "ಅಂಕಲ್ ಅಂದ್ರೆ ಮಕ್ಕಳಿಗೆ ಚಾಕಲೇಟ್ ಕೊಡುವವ. ನಾನ್ ಮೇಸ್ತ್ರಿ" ಎಂದರು. ಆ ಮಾತಿನಲ್ಲಿ ತಮಾಷೆ ಇರಲಿಲ್ಲ. ತಮ್ಮ ಕೆಲಸದ ವಿಷಯದಲ್ಲಿ ಅವರಿಗೆ ಜಂಬವಿತ್ತು. ಜೊತೆಯ ಇಬ್ಬರು ರೊಮೇನಿಯಾದವರು ಹಾಕಿದ ಸಾಲು ನೂಲಿನಷ್ಟು ಓರೆಯಾದರೂ ಮಾತಿಲ್ಲದೆ ಕಿತ್ತು ಪಕ್ಕಕ್ಕಿಡುತ್ತಿದ್ದರು. ಹಾಕಿದವರ ಮುಖವನ್ನೂ ನೋಡುತ್ತಿರಲಿಲ್ಲ. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿಯ ಫ್ಲಾಸ್ಕು ಬಿಚ್ಚಿ ಅಂಟಿನ ಚೀಲದ ಮೇಲೆ ಒಬ್ಬರೇ ಕುಳಿತು ಉಣ್ಣುತ್ತಿದ್ದರು. ಅವರನ್ನು ಆ ಇಬ್ಬರೂ ಇಷ್ಟಪಡುತ್ತಿದ್ದರು ಎಂದು ನಾನು ಹೇಳಲಾರೆ. ಆದರೆ ಅವರು ತಟ್ಟುವಾಗ ಇಬ್ಬರೂ ಯಂತ್ರ ನಿಲ್ಲಿಸಿ ಸುಮ್ಮನಾಗುತ್ತಿದ್ದರು. ಕೆಳಗೆ ಅಂಟು ಸರಿಯಾಗಿ ಕೂರದಿದ್ದರೆ ಸದ್ದು ಟೊಳ್ಳಾಗಿ ಬರುತ್ತದೆ. ಮೇಸ್ತ್ರಿಗಳು ಅದನ್ನು "ಇದ್ ಸುಳ್ ಹೇಳ್ತಾ ಇತ್ತ್" ಎನ್ನುತ್ತಿದ್ದರು.

ನನ್ನ ಕಡತಕ್ಕೆ ಅವರಿಂದ ಸಿಕ್ಕ ಸಹಾಯ ಬೇರೆ ಯಾವ ಸೈಟಿನಲ್ಲಿಯೂ ಸಿಕ್ಕಿಲ್ಲ. ಅಂಟಿನ ಚೀಲ ಬರಿದಾದ ಕೂಡಲೇ ಬ್ಯಾಚ್ ಸಂಖ್ಯೆ ಅಚ್ಚಾಗಿರುವ ಅಂಚನ್ನು ಪಟ್ಟಿಯಾಗಿ ಹರಿದು ಒಂದು ಕಬ್ಬಿಣದ ತಂತಿಗೆ ಪೋಣಿಸುತ್ತಿದ್ದರು. ಊರಿನ ರೇಷನ್ ಅಂಗಡಿಗಳಲ್ಲಿ ಚೀಟಿಗಳನ್ನು ಚುಚ್ಚಿ ನೇತುಹಾಕುತ್ತಿದ್ದರಲ್ಲ, ಹಾಗೆ. ಒಂದು ಫ್ಲ್ಯಾಟಿಗೆ ಒಂದು ತಂತಿ, ತುದಿಗೆ ಫ್ಲ್ಯಾಟಿನ ಸಂಖ್ಯೆ ಬರೆದ ರಟ್ಟಿನ ಚೂರು. ಇದನ್ನು ನಾನು ಹೇಳಿ ಮಾಡಿಸಿದ್ದಲ್ಲ, ನಾನು ಬರುವ ಮೊದಲೇ ಮಾಡುತ್ತಿದ್ದರು. ಹಾಕಿದ ನೆಲ ಎಂದಾದರೂ ಎದ್ದರೆ ತಪ್ಪು ಅಂಟಿನದೋ ಕೈಯದೋ ಎಂದು ತಿಳಿಯಬೇಕಲ್ಲ ಎನ್ನುವುದು ಅವರ ಲೆಕ್ಕ. ಮೊದಲ ಸಲ ಆ ತಂತಿಗಳನ್ನು ನೋಡಿದಾಗ ನನ್ನ ಮುಖ ಹೇಗಾಗಿತ್ತೋ, "ಎಂತ, ಮಲ್ಲಿಗೆ ದಂಡೆ ಕಂಡಾಂಗ್ ಕಾಂತಾ ಇದ್ರಿ?" ಎಂದು ಕೇಳಿದರು.

ಇದರ ಬೆಲೆ ನಿಮಗೆ ಗೊತ್ತಿಲ್ಲ, ಬೇರೆಯವರ ಹತ್ತಿರ ನಾನು ತಿಂಗಳುಗಟ್ಟಲೆ ಅಲೆದರೂ ಇದು ಸಿಗುವುದಿಲ್ಲ ಎಂದೆ.

"ಕಾಗದ್ದಗೆ ಇದ್ದದ್ ನೆಲದಗೆ ಇರ್ಕ್" ಎಂದರು. ಇನ್ನೊಂದು ಪಟ್ಟಿ ಪೋಣಿಸುತ್ತ, "ನೆಲದಗೆ ಇದ್ದದ್ದೂ ಕಾಗದ್ದಗೆ ಬರ್ಕ್, ಅಲ್ದಾ?"

ಅಲ್ಲವೇ ಮತ್ತೆ, ಎಂದೆ. ನೆಲದಲ್ಲಿದ್ದದ್ದೂ ಕಾಗದಕ್ಕೆ ಬರಬೇಕು ಎಂಬ ಆ ಎರಡನೆಯ ಮಾತನ್ನು ನಾನು ಆಗ ಮನಸ್ಸಿಟ್ಟು ಕೇಳಿಸಿಕೊಳ್ಳಲಿಲ್ಲ.

ಅಂಟನ್ನು ಹೇಗೆ ಪರೀಕ್ಷೆ ಮಾಡುತ್ತಾರೆ ಎಂದು ಅವರು ಒಮ್ಮೆ ಕೇಳಿದ್ದರು. ಮುಚ್ಚಿದ ಒಂದು ಪೆಟ್ಟಿಗೆಯಲ್ಲಿ, ಒಮ್ಮೊಮ್ಮೆ ಗಾಜಿನದು, ಇಪ್ಪತ್ತೆಂಟು ದಿನ ಇಡುತ್ತಾರೆ, ಒಳಗಿನ ಗಾಳಿಗೆ ಏನೇನು ಸೇರಿದೆ ಎಂದು ಅಳೆಯುತ್ತಾರೆ ಎಂದು ವಿವರಿಸಿದೆ. ಅವರು ಗಂಜಿ ಉಣ್ಣುವುದನ್ನು ನಿಲ್ಲಿಸಿ ನಕ್ಕರು.

"ಇಪ್ಪತ್ತೆಂಟ್ ದಿನ ನನ್ನ ಒಂದ್ ಗಾಜಿನ ಪೆಟ್ಟಿಗೆಯೊಳ್ಗೆ ಇಡುಕ್ ಹೇಳಿ ಮೇಡಮ್ಮ. ಎಂತೆಲ್ಲ ಬತ್ತ್ ಕಾಂಬ."

ಅವರ ಹುಬ್ಬು, ಕಿವಿಯ ಮಡಿಕೆ, ಮುಂಗೈಯ ಕೂದಲು ಯಾವಾಗಲೂ ಬೆಳ್ಳಗಿರುತ್ತಿದ್ದವು. ಗಟ್ಟಿ ಟೈಲ್ಸನ್ನು ಗ್ರೈಂಡರಿನಿಂದ ಕತ್ತರಿಸಿದಾಗ ಏಳುವ ಧೂಳು ಹಿಟ್ಟಿಗಿಂತ ನುಣುಪು. ನೀರು ಹಾಯಿಸುತ್ತ ಕತ್ತರಿಸುವ ಯಂತ್ರ ಬೇರೆಯಿದೆ, ಅದರಲ್ಲಿ ಧೂಳು ಏಳುವುದಿಲ್ಲ. ಅದನ್ನು ನಮ್ಮ ಸೈಟಿನಲ್ಲಿ ನೆಲಮಹಡಿಗೆ ಇಳಿಸಿದ್ದರು. ಗೋಡೆಯ ಜಿಪ್ಸಮ್ ಹಲಗೆಗಳು ಒದ್ದೆಯಾದರೆ ಬೂಷ್ಟು ಹಿಡಿಯುತ್ತವೆ, ಬೂಷ್ಟು ಹಿಡಿದರೆ ಮನೆಯ ಗಾಳಿ ಕೆಡುತ್ತದೆ, ಆದ್ದರಿಂದ ಮೇಲಿನ ಮಹಡಿಗಳಲ್ಲಿ ನೀರಿನ ಕೆಲಸ ಕೂಡದು ಎಂದು ಗಾಳಿಯ ಶುದ್ಧತೆಯ ಯೋಜನೆಯಲ್ಲಿ ಒಂದು ಸಾಲಿತ್ತು. ಆ ಯೋಜನೆಯನ್ನು ಬರೆದದ್ದು ನಾನು. ಆ ಸಾಲನ್ನು ಕಂಪನಿಯ ಹಿಂದಿನ ಯಾವುದೋ ಕಟ್ಟಡದ ಯೋಜನೆಯಿಂದ ಹಾಗೇ ಎತ್ತಿಕೊಂಡಿದ್ದೆ. ಒಂದೊಂದು ತುಂಡಿಗೂ ಲಿಫ್ಟಿನಲ್ಲಿ ಕೆಳಗಿಳಿದು ಹತ್ತಿದರೆ ದಿನಕ್ಕೆ ಅರ್ಧ ಕೋಣೆಯೂ ಮುಗಿಯುವುದಿಲ್ಲ. ಹಾಗಾಗಿ ಮೇಲೆಯೇ ಒಣದಾಗಿ ಕತ್ತರಿಸುತ್ತಿದ್ದರು. ಸೈಟ್ ಮ್ಯಾನೇಜರಿಗೆ ಅದು ಗೊತ್ತಿತ್ತು. ನನಗೂ ಗೊತ್ತಿತ್ತು.

ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿ ಎಂದರೆ ಮೇಸ್ತ್ರಿಗಳು ಅದನ್ನು ಗಲ್ಲಕ್ಕೆ ಇಳಿಸುತ್ತಿದ್ದರು. "ಅದ್ ಹಾಕ್ರೆ ನನ್ನ ಉಸ್ರೇ ನಂಗೆ ಕೇಂತ್. ಟೈಲ್ಸ್ ಎಂತ ಹೇಳತ್ ಅಂತ ಕೇಂತಿಲ್ಲೆ." ಅದು ಹಟ. ಅವರ ತಪ್ಪೂ ಹೌದು, ಅದನ್ನು ಮರೆಮಾಚಿದರೆ ಅವರೇ ಒಪ್ಪುವುದಿಲ್ಲ. ಆದರೆ ಎಷ್ಟೋ ವಾರ ಮಾಸ್ಕಿನ ಡಬ್ಬಿಯೇ ಬರಿದಾಗಿರುತ್ತಿತ್ತು.

ಶುಕ್ರವಾರ ನನ್ನ ಫೋಟೋದ ದಿನ. ಹಿಂದಿನ ದಿನವೇ ಸೈಟ್ ಮ್ಯಾನೇಜರಿಗೆ ಇಮೇಲ್ ಕಳಿಸುತ್ತಿದ್ದೆ. ಪ್ರತಿ ವಾರ ಅದೇ ಮಾತು, ಮಹಡಿಯ ಸಂಖ್ಯೆ ಮಾತ್ರ ಬೇರೆ. ಕನ್ನಡದಲ್ಲಿ ಹೇಳಿದರೆ ಹೀಗೆ: ನಾಳೆ ಫೋಟೋ ತೆಗೆಯುವ ಮೊದಲು ನೆಲದ ಧೂಳನ್ನು ಗುಡಿಸಲು ಹೇಳಿ, ಗಾಳಿಯಲ್ಲಿರುವುದು ಇಳಿಯುವವರೆಗೆ ಕಾಯಲು ತಿಳಿಸಿ. ಚೌಕಟ್ಟಿನಲ್ಲಿ ಕೆಲಸಗಾರರು ಬರದಂತೆ ನೋಡಿಕೊಳ್ಳಿ. ವಂದನೆಗಳೊಂದಿಗೆ. ಇದರಲ್ಲಿ ಕಪಟವೇನೂ ಇರಲಿಲ್ಲ. ಪ್ರಮಾಣಪತ್ರ ಕೊಡುವ ಸಂಸ್ಥೆಯ ಪರಿಶೀಲಕರು ಮೊದಲ ತಿಂಗಳು ನನ್ನ ಫೋಟೋಗಳನ್ನು ಮಸುಕಾಗಿವೆ, ಟೈಲ್ಸ್ ಕಾಣುತ್ತಿಲ್ಲ ಎಂದು ಹಿಂದಿರುಗಿಸಿದ್ದರು. ಅದಕ್ಕೆ ಆ ವಾಕ್ಯಗಳು.

ನಾನು ಹೊರಗೆ ಲಿಫ್ಟಿನ ಬಳಿ ಕಾಯುತ್ತಿದ್ದೆ. ಒಳಗೆ ಪೊರಕೆಯ ಸದ್ದು. ಆಮೇಲೆ ಮೇಸ್ತ್ರಿಗಳು ಬಾಗಿಲು ತೆರೆದು, "ಬನ್ನಿ, ಮದುವೆ ಹೆಣ್ಣಿನಾಂಗ್ ಮಾಡಿ ಇಟ್ಟಿದೆ" ಎನ್ನುತ್ತಿದ್ದರು. ನಾನು ಅವರಿಗೆ ಪಕ್ಕಕ್ಕೆ ಸರಿಯಲು ಕೈಸನ್ನೆ ಮಾಡಿ ಫೋಟೋ ತೆಗೆಯುತ್ತಿದ್ದೆ.

ಎಂಟನೆಯ ಮಹಡಿಯಲ್ಲಿ ಒಂದು ತಪ್ಪಾಯಿತು. ಒಂದು ವಾರ ನಮ್ಮ ಅಂಟು ಸಿಗದೆ, ಸರಬರಾಜಿನವರು ಅದೇ ಕಂಪನಿಯ ಬೇರೊಂದು ಅಂಟು ಕಳಿಸಿದ್ದರು. ಚೀಲದ ಬಣ್ಣ ಅದೇ, ಹೆಸರಿನಲ್ಲಿ ಒಂದು ಪದ ಬೇರೆ. ಪ್ರಯೋಗಾಲಯದ ಪತ್ರ ಅದಕ್ಕಿರಲಿಲ್ಲ. ಒಂದು ಫ್ಲ್ಯಾಟು ಪೂರ್ತಿ, ಇನ್ನೊಂದು ಮುಕ್ಕಾಲು ಮುಗಿದ ಮೇಲೆ, ಪಟ್ಟಿ ಹರಿಯುವಾಗ ಮೇಸ್ತ್ರಿಗಳ ಕಣ್ಣಿಗೆ ಆ ಪದ ಬಿತ್ತು. ಮ್ಯಾನೇಜರಿಗೆ ಹೇಳಿದರು. ನೆಲದ ಕೆಳಗೆ ಯಾರು ಇಣುಕುತ್ತಾರೆ, ಆ ಚೂರುಗಳನ್ನು ಕಸಕ್ಕೆ ಹಾಕು ಎಂದನಂತೆ ಆತ.

ಶುಕ್ರವಾರ ನಾನು ಹೋದಾಗ ಮೇಸ್ತ್ರಿಗಳು ಎರಡು ತಂತಿಗಳನ್ನು ನನ್ನ ಕೈಗಿಟ್ಟರು. ಪಟ್ಟಿಗಳು ಎಲ್ಲವೂ ಇದ್ದವು.

"ಓದುಕ್ ಬತ್ತ್ ನಂಗೆ. ಓದ್ಲಿಲ್ಲೆ" ಎಂದರು. ಅವರು ತಪ್ಪು ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನಾನಿದನ್ನ ಹೇಳಲೇಬೇಕಾಗುತ್ತೆ" ಎಂದೆ.

"ಹೇಳುಕೇ ಕೊಟ್ಟದ್. ಹೇಳ್ದೇ ಇದ್ರೆ ಬೈತಿದ್ದೆ."

ನಾನು ವರದಿ ಮಾಡಿದೆ. ನನಗೆ ಹೆಮ್ಮೆಯಾಗಿತ್ತು ಎನ್ನುವುದನ್ನೂ ಹೇಳಿಬಿಡಬೇಕು. ಎರಡೂ ಫ್ಲ್ಯಾಟುಗಳ ನೆಲ ಕಿತ್ತು ಮತ್ತೆ ಹಾಕಬೇಕೆಂದು ತೀರ್ಮಾನವಾಯಿತು. ಕೀಳಬೇಕಾದವರು ಹಾಕಿದವರೇ. ಗಟ್ಟಿ ಹಿಡಿದಿದ್ದ ಟೈಲ್ಸನ್ನು ಯಂತ್ರದಿಂದ ಒಡೆದು, ನೆಲಕ್ಕೆ ಕಚ್ಚಿದ್ದ ಅಂಟನ್ನು ಗ್ರೈಂಡರಿನಿಂದ ಉಜ್ಜಿ ತೆಗೆದರು, ಐದು ದಿನ. ಬಣ್ಣ ಬಳಿದು ಮುಗಿದಿದ್ದ ಕಾರಿಡಾರಿಗೆ ಧೂಳು ಬರಬಾರದೆಂದು ಫ್ಲ್ಯಾಟಿನ ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಗಾಳಿಯ ಕೊಳವೆಗಳಿಗೂ ಅಂಟಿಸಿದ್ದರು, ಅದು ಕೂಡ ನನ್ನ ಯೋಜನೆಯಲ್ಲಿತ್ತು. ಕಟ್ಟಡದ ಗಾಳಿ ಕೆಡದಂತೆ ಧೂಳನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಹಾಕಿ, ಅದರೊಳಗೆ ಮೂರು ಜನರನ್ನು ಬಿಟ್ಟಿದ್ದೆವು.

ಆ ಶುಕ್ರವಾರ ನಾನು ಪ್ಲಾಸ್ಟಿಕ್ ಹಾಳೆಯ ಈಚೆ ನಿಂತು ನೋಡಿದೆ. ಒಳಗೆ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ. ಒಂದು ಆಕೃತಿ ಬಗ್ಗಿ ಏಳುತ್ತಿತ್ತು, ಯಾರೆಂದು ತಿಳಿಯಲಿಲ್ಲ. ಅದು ಹಾಳೆ ಸರಿಸಿ ಹೊರಗೆ ಬಂದು, ಗೋಡೆಗೆ ಕೈ ಊರಿ ಬಹಳ ಹೊತ್ತು ಕೆಮ್ಮಿದ ಮೇಲೆ ಮೇಸ್ತ್ರಿಗಳೆಂದು ಗೊತ್ತಾಯಿತು.

"ನೀರು ತರಲಾ?" ಎಂದೆ.

ಬೇಡವೆಂದು ತಲೆಯಾಡಿಸಿದರು. ಉಸಿರು ಬಂದ ಮೇಲೆ, "ಈ ವಾರ ಫೋಟೋ ಇಲ್ಲೆ ಮೇಡಮ್ಮ. ಹೆಣ್ಣಿಗೆ ಸಿಂಗಾರ ಆಯ್ಲಿಲ್ಲೆ" ಎಂದರು.

ನಾನು ಫೋಟೋ ತೆಗೆಯಲಿಲ್ಲ. ಹೊಸ ನೆಲ ಬಂದ ಮೇಲಿನ ವಾರ ತೆಗೆದೆ. ತಪ್ಪನ್ನು ನಾವೇ ಗುರುತಿಸಿ ಸರಿಪಡಿಸಿಕೊಂಡದ್ದನ್ನು ಪರಿಶೀಲಕರು ವಿಶೇಷವಾಗಿ ಮೆಚ್ಚಿ ಬರೆದರು. ಪ್ರಮಾಣಪತ್ರ ನಿರೀಕ್ಷೆಗಿಂತ ಒಂದು ದರ್ಜೆ ಮೇಲಿನದೇ ಸಿಕ್ಕಿತು. ಅದರ ಫಲಕ ಈಗ ಆ ಕಟ್ಟಡದ ಲಿಫ್ಟಿನ ಪಕ್ಕದ ಗೋಡೆಯ ಮೇಲಿದೆ.

ಸೈಟ್ ಮುಗಿದ ಮೇಲೆ ಸುಮಾರು ಒಂದು ವರ್ಷ ಅವರನ್ನು ನಾನು ಕಾಣಲಿಲ್ಲ. ಒಂದು ಶನಿವಾರ ಈಲಿಂಗ್ ರೋಡಿನಲ್ಲಿ ತರಕಾರಿ ಕೊಳ್ಳುತ್ತಿದ್ದಾಗ ರಸ್ತೆಯ ಆಚೆ ಕಂಡರು. ಕೈಯಲ್ಲಿ ಕುಚ್ಚಲಕ್ಕಿಯ ಸಣ್ಣ ಚೀಲ. ಅಂಗಡಿಯಿಂದ ಬಸ್ ಸ್ಟಾಪಿನವರೆಗೆ ನೂರು ಹೆಜ್ಜೆಯೂ ಇಲ್ಲ. ಅಷ್ಟರಲ್ಲಿ ಮೂರು ಸಲ ಚೀಲವನ್ನು ನೆಲಕ್ಕಿಟ್ಟು ನಿಂತರು. ಟೈಲ್ಸಿನ ಪೆಟ್ಟಿಗೆಗಳನ್ನು ಎರಡೆರಡಾಗಿ ಹೆಗಲಿಗೇರಿಸುತ್ತಿದ್ದ ಮನುಷ್ಯ. ನಾನು ರಸ್ತೆ ದಾಟಿ ಹೋಗುವಷ್ಟರಲ್ಲಿ ಬಸ್ ಬಂದಿತ್ತು. ದಾಟಲು ನಾನು ಆತುರಪಡಲಿಲ್ಲ ಎನ್ನುವುದೇ ಹೆಚ್ಚು ನಿಜ.

ಕೆಲವು ತಿಂಗಳ ನಂತರ ಅವರ ಮಗಳು ಫೋನು ಮಾಡಿದಳು. ಅವಳಿಗೆ ವಿಮಾನ ನಿಲ್ದಾಣದಲ್ಲಿ ಕೆಲಸ. ಮನೆ ಫೆಲ್ಥಮ್‌ನಲ್ಲಿ.

"ಅಪ್ಪ ನಿಮ್ಮನ್ನ ನೋಡ್ಬೇಕಂತೆ. ವೈ ಅಂತ ಕೇಳಿದ್ರೆ ಹೇಳಲ್ಲ. ಪೇಪರ್ ವಿಷ್ಯ, ನಿಂಗೆ ತಿಳಿಯಲ್ಲ ಅಂತಾರೆ" ಎಂದಳು. ಕೂಡಲೇ ಸೇರಿಸಿದಳು, "ಸಾರಿ, ನನ್ನ ಕನ್ನಡ ಕೇಳಿದ್ರೆ ಅಪ್ಪನಿಗೂ ನಗು ಬರುತ್ತೆ. ಬಟ್ ಈಗ ನಕ್ಕರೆ ಕೆಮ್ಮು ಬರುತ್ತಲ್ಲ, ಸೋ ಇಂಗ್ಲಿಷಲ್ಲೇ ಮಾತಾಡ್ತೀನಿ ಅವ್ರ ಹತ್ರ."

ಭಾನುವಾರ ಮಧ್ಯಾಹ್ನ ಹೋದೆ. ನಗರಾಡಳಿತ ಕಡಿಮೆ ಬಾಡಿಗೆಗೆ ಕೊಡುವ ಕೌನ್ಸಿಲ್ ಮನೆ. ಕಿಟಕಿಯ ಬಳಿಯ ಕುರ್ಚಿಯಲ್ಲಿ ಕುಳಿತಿದ್ದರು. ಮೂಗಿಗೆ ಆಮ್ಲಜನಕದ ಸಣ್ಣ ಕೊಳವೆ, ಕೆಳಗೆ ಗುಂಯ್‌ಗುಡುವ ಯಂತ್ರ. ನನ್ನ ಕಣ್ಣು ನೆಲದ ಮೇಲೆ ಬಿದ್ದುದನ್ನು ನೋಡಿ, "ಕಾಣಿ, ಟೈಲ್ಸ್ ಮೇಸ್ತ್ರಿ ಮನೆಗೆ ಪ್ಲಾಸ್ಟಿಕ್ ನೆಲ" ಎಂದರು. ಒಂದೊಂದು ಮಾತಿನ ನಡುವೆಯೂ ನಿಲ್ಲುತ್ತಿದ್ದರು.

ಆಸ್ಪತ್ರೆಯಲ್ಲಿ ಉಸಿರಿನ ಪರೀಕ್ಷೆಗೆಂದು ಒಂದು ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ ಬಾಗಿಲು ಹಾಕಿದರಂತೆ. "ನಿಮ್ಮ ಅಂಟಿನಾಂಗೇ" ಎಂದರು. "ಇಪ್ಪತ್ತೆಂಟ್ ದಿನ ಬೇಕಾಯ್ಲಿಲ್ಲೆ. ಅರ್ಧ ಗಂಟೆಗೇ ಫೇಲ್."

ನಾನು ನಗಲಾರದೆ ಕುಳಿತೆ. ಅವರಿಗೆ ನಾನು ನಗುವುದು ಬೇಕಾಗಿತ್ತು.

ಶ್ವಾಸಕೋಶ ಕಲ್ಲುಗಟ್ಟಿದಂತಾಗಿದೆ, ಕಲ್ಲು, ಟೈಲ್ಸುಗಳ ಧೂಳಿನಿಂದ ಹೀಗಾಗುತ್ತದೆ, ಮದ್ದಿಲ್ಲ ಎಂದು ವೈದ್ಯರು ಹೇಳಿದ್ದರು. ಆದರೆ ಕೆಲಸದ ಜಾಗದಲ್ಲಿ ಧೂಳಿತ್ತೇ ಎಂದು ನಮ್ಮ ಕಂಪನಿಯನ್ನು ಕೇಳಿದಾಗ, ನಮ್ಮ ಸೈಟಿನಲ್ಲಿ ಅಂಥದ್ದೇನೂ ಇರಲಿಲ್ಲ, ಇದು ಮೊದಲೇ ಬೇರೆ ದೇಶದಲ್ಲಿ ಬಂದಿರಬೇಕು ಎಂದು ಉತ್ತರ ಬಂದಿತ್ತು. ಮುಂಬಯಿ, ಕೊಲ್ಲಿ, ಈ ಊರಿನ ಹಳೆಯ ಕೆಲಸಗಳು, ಎಲ್ಲದರದೂ ಪಾಲಿದೆ ಎಂದು ಮೇಸ್ತ್ರಿಗಳಿಗೆ ಗೊತ್ತಿತ್ತು. ಅವರು ಅದನ್ನು ಅಲ್ಲಗಳೆಯಲಿಲ್ಲ. ಹಳೆಯ ಕಂಪನಿಗಳು ಯಾವುವೂ ಈಗಿಲ್ಲ, ಕಾಗದವಿರುವುದು ಈ ಕೊನೆಯ ಸೈಟಿನದು ಮಾತ್ರ.

"ದುಡ್ಡಿಗಲ್ಲ ಮಗಾ" ಎಂದರು. ಅದುವರೆಗೆ ನನ್ನನ್ನು ಅವರು ಮಗಾ ಎಂದು ಕರೆದಿರಲಿಲ್ಲ. "ಎಲ್ಲಿಂದ ಬಂತ್ ಅಂತ ಒಂದ್ ಕಾಗದ್ದಗೆ ಬರ್ಕ್. ನಾನ್ ಊರಿಂದ ಕಟ್ಕಂಡ್ ಬಂದದ್ ಅಂದ್ರೆ ಹ್ಯಾಂಗೆ? ಬೀಡಿ ಸೈತ ಎಳೆದವನಲ್ಲ ನಾನ್. ನಿಮ್ಮತ್ರ ಫೋಟೋ ಇತ್ತಲೆ? ಪ್ರತಿ ವಾರದ್ದೂ?"

ಫೋಟೋ ಇದ್ದವು, ನೂರಾರು. ಒಂದರಲ್ಲಿಯೂ ಧೂಳಿನ ಕಣವಿಲ್ಲ. ಒಂದರಲ್ಲಿಯೂ ಅವರಿಲ್ಲ. ಅದನ್ನೇ ಹೇಳಿದೆ.

ವಿಮಾನವೊಂದು ತಗ್ಗಿನಲ್ಲಿ ಹೋಗಿ ಸದ್ದು ಇಳಿದ ಮೇಲೆ, "ಹೌದಲೆ" ಎಂದರು. "ನಾನೇ ಅಲ್ದಾ ಗುಡ್ಸದ್."

ಗ್ರೀನ್‌ಫರ್ಡಿನ ನನ್ನ ಕೋಣೆಗೆ ಹಿಂದಿರುಗುವಾಗ ಬಸ್ಸಿನಲ್ಲಿ ಆ ಗುರುವಾರದ ಇಮೇಲುಗಳು ನೆನಪಾದವು. ಧೂಳನ್ನು ಗುಡಿಸಲು ಹೇಳಿ. ಗಾಳಿಯಲ್ಲಿರುವುದು ಇಳಿಯುವವರೆಗೆ. ಧೂಳಿತ್ತು ಎಂದು ಆ ಇಡೀ ಕಟ್ಟಡದ ಕಾಗದಗಳಲ್ಲಿ ಎಲ್ಲಾದರೂ ಬರೆದಿದ್ದರೆ ಅದು ನನ್ನ ಕೈಯಲ್ಲೇ ಬರೆದದ್ದು, ವಾರ ವಾರವೂ, ವಂದನೆಗಳೊಂದಿಗೆ.

ಮರುದಿನವೇ ಅವುಗಳನ್ನು ಅವರ ಮಗಳಿಗೆ ಕಳಿಸಬಹುದಿತ್ತು. ಕಳಿಸಲಿಲ್ಲ. ಈ ದೇಶದಲ್ಲಿ ನಾನು ಇರುವುದು ಕಂಪನಿ ಕೊಟ್ಟ ವೀಸಾದ ಮೇಲೆ. ಕೆಲಸ ಹೋದರೆ ಕೆಲವೇ ವಾರಗಳಲ್ಲಿ ದೇಶ ಬಿಡಬೇಕಾಗಬಹುದು. ಅವುಗಳನ್ನು ಹುಡುಕಿ, ಒಂದು ಕಡೆ ಸೇರಿಸಿ, ಎಣಿಸಿದೆ. ಇಪ್ಪತ್ತಾರು ಇದ್ದವು. ಮುಚ್ಚಿಟ್ಟೆ. ವಕೀಲರನ್ನು ಕೇಳಿ ನೋಡೋಣ, ಈ ತಿಂಗಳು ಕಳೆಯಲಿ ಎಂದುಕೊಂಡೆ. ಹತ್ತೊಂಬತ್ತನೆಯ ದಿನ ಮಗಳು ಫೋನು ಮಾಡಿದಳು. ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿದಳು, ಮತ್ತೆ ಅದನ್ನೇ ಕನ್ನಡದಲ್ಲಿ ಹೇಳಿದಳು, ಒಂದು ಭಾಷೆ ಸಾಲದೇನೋ ಎಂಬಂತೆ.

ಕೆಲಸದಿಂದ ಬಂದ ಕಾಯಿಲೆಯೆಂಬ ಅನುಮಾನವಿದ್ದರೆ ಇಲ್ಲಿ ಸಾವಿನ ಕಾರಣವನ್ನು ಕೊರೊನರ್ ಎಂಬ ಅಧಿಕಾರಿ ಬಹಿರಂಗವಾಗಿ ವಿಚಾರಣೆ ಮಾಡುತ್ತಾರೆ. ಕಂಪನಿಯ ಕಡೆಯಿಂದ ಸಾಕ್ಷ್ಯ ಕೇಳಿದರು. ನನ್ನ ಮೇಲಧಿಕಾರಿ ನನ್ನನ್ನು ಕರೆದು, ಹಸಿರು ಪ್ರಮಾಣಪತ್ರದ ಕಡತದಿಂದ ಗಾಳಿಯ ಶುದ್ಧತೆಯ ಯೋಜನೆ ಮತ್ತು ಶುಕ್ರವಾರದ ಫೋಟೋಗಳನ್ನು ತೆಗೆದು ಅಚ್ಚುಕಟ್ಟಾಗಿ ಜೋಡಿಸಿಕೊಡು ಎಂದರು. ಇಷ್ಟು ಸ್ವಚ್ಛವಾದ ಸೈಟನ್ನು ತಾವು ನೋಡಿಯೇ ಇಲ್ಲ ಎಂದೂ ಅಂದರು. ಅವರು ಕೆಟ್ಟವರಲ್ಲ. ಅವರು ಆ ಮಹಡಿಗಳಿಗೆ ಎಂದೂ ಬಂದಿರಲಿಲ್ಲ. ಅವರು ನೋಡಿದ್ದು ನನ್ನ ಫೋಟೋಗಳನ್ನು ಮಾತ್ರ.

ಜೋಡಿಸಿಕೊಟ್ಟೆ. ಪುಟಸಂಖ್ಯೆ ಹಾಕಿ, ಪರಿವಿಡಿ ಮಾಡಿ ಕೊಟ್ಟೆ. ನಂತರ ಅದೇ ಪರಿವಿಡಿಯ ಕೊನೆಗೆ ಒಂದು ಸಾಲು ಸೇರಿಸಿ, ಇಪ್ಪತ್ತಾರು ಇಮೇಲುಗಳನ್ನೂ ಲಗತ್ತಿಸಿ, ಇನ್ನೊಂದು ಪ್ರತಿಯನ್ನು ನನ್ನ ಹೆಸರಿನಲ್ಲಿ ನೇರವಾಗಿ ಕೊರೊನರ್ ಕಚೇರಿಗೆ ಕಳಿಸಿದೆ. ನನ್ನ ಕೆಲಸದ ಗತಿ ಏನಾಯಿತು ಎನ್ನುವುದು ಇಲ್ಲಿ ಬೇಡ. ಅವರು ಬದುಕಿದ್ದಾಗ ಮಾಡಬೇಕಾಗಿದ್ದುದನ್ನು ಸತ್ತ ಮೇಲೆ ಮಾಡಿದವಳಿಗೆ ಅದನ್ನು ದೊಡ್ಡದು ಮಾಡುವ ಹಕ್ಕಿಲ್ಲ.

ವಿಚಾರಣೆಗೆ ನನ್ನನ್ನು ಸಾಕ್ಷಿಯಾಗಿ ಕರೆದರು. ಕೋಣೆ ಚಿಕ್ಕದು. ನೆಲಕ್ಕೆ ಬೂದುಬಣ್ಣದ ಕಾರ್ಪೆಟ್ಟು. ಮೊದಲ ಸಾಲಿನಲ್ಲಿ ಮೇಸ್ತ್ರಿಗಳ ಮಗಳು ಒಬ್ಬಳೇ ಕುಳಿತಿದ್ದಳು. ಕೊರೊನರ್ ಮಧ್ಯವಯಸ್ಸಿನ ಹೆಂಗಸು, ತಗ್ಗಿದ ದನಿ. ಇಮೇಲುಗಳಲ್ಲಿ ಒಂದನ್ನು ಎತ್ತಿ ಪೂರ್ತಿ ಓದಿದರು. ಕೊನೆಯ ವಂದನೆಗಳನ್ನೂ ಬಿಡಲಿಲ್ಲ.

"ಇದನ್ನು ಬರೆದವರು ನೀವೇ?"

"ಹೌದು."

"ಗಾಳಿಯಲ್ಲಿರುವುದು ಇಳಿಯುವವರೆಗೆ ಎಂದಿದ್ದೀರಿ. ಇಳಿಯಲು ಎಷ್ಟು ಹೊತ್ತು ಬೇಕಾಗುತ್ತಿತ್ತು?"

"ಅರ್ಧ ಗಂಟೆ. ಒಮ್ಮೊಮ್ಮೆ ಇನ್ನೂ ಹೆಚ್ಚು."

"ಅಷ್ಟು ಹೊತ್ತು ನೀವೆಲ್ಲಿರುತ್ತಿದ್ದಿರಿ?"

"ಹೊರಗೆ, ಲಿಫ್ಟಿನ ಹತ್ತಿರ."

"ಅವರು?"

ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ಕಿವಿ ಓರೆ ಮಾಡಿ ಕೇಳುವಾಗ ಅವಳ ಮುಖ ಅಪ್ಪನದೇ.

"ಒಳಗೆ ಇರುತ್ತಿದ್ದರು" ಎಂದೆ. "ಗುಡಿಸುತ್ತಿದ್ದರು."

ಕೊರೊನರ್ ಪೆನ್ನು ತೆಗೆದು ಅದನ್ನು ಬರೆದುಕೊಂಡರು.